ಲುಗೋಸಿಗೆ ಕೋರೆಹಲ್ಲು ಎಲ್ಲಿತ್ತು?

ಪ್ರೀತಿಯ ತಂಗೀ,

ರಕ್ತಪಿಶಾಚಿ ಸಿನಿಮಾಗಳ ಬಗ್ಗೆ ನೀನು ಬರೆದ ಲೇಖನ ಮೊನ್ನೆ ಶಿರಸಿಗೆ ತಲುಪಿತು. ಕಾರವಾರದಲ್ಲಿ ಕೂತು ಡ್ರಾಕುಲಾ ಬಗ್ಗೆ ಬರೆದರೆ ಯಾರು ಓದುತ್ತಾರೆ ಅಂತ ಕೇಳಿದ್ದೀಯಲ್ಲ, ನಾನಂತೂ ಒಂದೇ ಗುಕ್ಕಿಗೆ ಓದಿದೆ. ಖಂಡಿತ ಬರೆ. ಆದರೆ ನೀನು ಕಂಡದ್ದನ್ನು ಬರೆ, ಊರೆಲ್ಲ ಹೇಳುವುದನ್ನಲ್ಲ.

1931ರ ‘ಡ್ರಾಕುಲಾ’ದಲ್ಲಿ ಆ ಪಾತ್ರ ಮಾಡಿದ ಬೇಲಾ ಲುಗೋಸಿಯ ಕೋರೆಹಲ್ಲು ನೋಡಿ ಬೆಚ್ಚಿದೆ ಅಂತ ಬರೆದಿದ್ದೀಯ. ಆ ಸಿನಿಮಾದಲ್ಲಿ ಅವನ ಕೋರೆಹಲ್ಲು ಒಮ್ಮೆಯೂ ಕಾಣುವುದಿಲ್ಲ. ಹೆದರಿಸುವುದು ಆ ಕಣ್ಣು, ಆ ತಡೆದು ತಡೆದು ಆಡುವ ಮಾತು. ನಿನ್ನ ನೆನಪಿನಲ್ಲಿರುವ ಹಲ್ಲು ಬಹುಶಃ ಕ್ರಿಸ್ಟೋಫರ್ ಲೀಯದ್ದು. ಅವನು ಡ್ರಾಕುಲಾ ಆದದ್ದು 1958ರ ಹ್ಯಾಮರ್ ಕಂಪನಿಯ ಸಿನಿಮಾದಲ್ಲಿ, ಅದು ಬಣ್ಣದ್ದು, ಬಾಯಿ ತುಂಬ ರಕ್ತ. ಲುಗೋಸಿಯ ಸಿನಿಮಾ ನಾಟಕದಿಂದ ಬಂದದ್ದು, ಅರ್ಧ ಕಳೆದ ಮೇಲೆ ಎಳೆಯುತ್ತದೆ. ಅದೇ ಸೆಟ್‌ನಲ್ಲಿ ರಾತ್ರಿ ಹೊತ್ತು ಬೇರೆ ತಂಡ ತೆಗೆದ ಸ್ಪ್ಯಾನಿಶ್ ಡ್ರಾಕುಲಾ ಇದೆ. ಅದರಲ್ಲಿ ಕ್ಯಾಮೆರಾ ಜಾಸ್ತಿ ಓಡಾಡುತ್ತದೆ. ಅಲ್ಲಿ ಲುಗೋಸಿ ಇಲ್ಲ ಅನ್ನುವುದೊಂದೇ ಕೊರತೆ.

ಇನ್ನು ನಿರ್ದೇಶಕ ಮುರ್ನೌನ 1922ರ ‘ನೊಸ್ಫೆರಾಟು’. ಅದನ್ನು ನೀನು ಎರಡೇ ಸಾಲಿನಲ್ಲಿ ಮುಗಿಸಿದ್ದು ನನಗೆ ಬೇಜಾರು. ‘ಬಿಸಿಲಿಗೆ ಸಾಯುವ ಪಿಶಾಚಿ ಹಾಡಹಗಲೇ ಬೀದಿಯಲ್ಲಿ ತಿರುಗುತ್ತದೆ’ ಅಂತ ತಪ್ಪು ಹುಡುಕಿದ್ದೀಯ. ನಿನ್ನ ಕಣ್ಣು ಸರಿಯಾಗಿಯೇ ನೋಡಿದೆ. ಆಗ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಫಿಲ್ಮಿಗೆ ನೀಲಿ ಬಣ್ಣ ಕೊಡುತ್ತಿದ್ದರು. ನೀನು ನೋಡಿದ್ದು ಬಣ್ಣ ಕೊಡದ ಪ್ರತಿ ಇರಬೇಕು. ನೀಲಿ ಇರುವುದನ್ನು ಹುಡುಕಿ ನೋಡು. ಇನ್ನೊಂದು ವಿಷಯ. ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಿಸಿಲಿಗೆ ಸಾಯುವ ಕಟ್ಟಳೆ ತಂದದ್ದು ಈ ಸಿನಿಮಾ. ಆ ಕಾದಂಬರಿಯನ್ನೇ ಅನುಮತಿ ಇಲ್ಲದೆ ಸಿನಿಮಾ ಮಾಡಿದರು ಅಂತ ಸ್ಟೋಕರ್ ಹೆಂಡತಿ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ 1925ರಲ್ಲಿ ಆದೇಶವೂ ಆಯ್ತು. ಹೇಗೋ ಕೆಲವು ಉಳಿದವು, ನಮ್ಮ ಪುಣ್ಯ.

ಅದರಲ್ಲಿ ಹಡಗು ಬಂದರಿಗೆ ಬರುವ ಶಾಟ್ ಇದೆಯಲ್ಲ, ಅದನ್ನು ನಿನ್ನಷ್ಟು ಚೆನ್ನಾಗಿ ಬೇರೆ ಯಾರೂ ಬರೆಯಲಾರರು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ಬರುವುದನ್ನು ನೋಡುತ್ತಲೇ ಬೆಳೆದವಳು ನೀನು. ಕೂಗಾಟ, ಹಗ್ಗ ಎಸೆಯುವವರು, ಹಿಡಿಯುವವರು. ಇಲ್ಲಿ ಹಡಗು ಪರದೆಯ ಒಂದು ಬದಿಯಿಂದ ತಾನಾಗಿಯೇ ತೇಲಿ ಬರುತ್ತದೆ. ಹಗ್ಗ ಎಸೆಯಲು ಒಬ್ಬನೂ ಇಲ್ಲ. ಬಂದರು ಗೊತ್ತಿದ್ದವರಿಗೆ ಅಲ್ಲಿ ಎದೆ ಝಲ್ಲೆನ್ನುತ್ತದೆ. ಸುಮ್ನೆ ‘ಭಯಾನಕ’ ಅಂತ ಬರೆದು ಮುಂದೆ ಹೋಗಬೇಡ. ಆ ಹಗ್ಗದ ಬಗ್ಗೆ ಬರೆ.

ನಿರ್ದೇಶಕ ಕೊಪ್ಪೊಲಾನ 1992ರ ಡ್ರಾಕುಲಾ ಸಿನಿಮಾಗೆ ಎರಡು ಪುಟ ಕೊಟ್ಟಿದ್ದೀಯ. ಆಸ್ಕರ್ ಪಡೆದ ಆ ಉಡುಪುಗಳು ನನಗೂ ಇಷ್ಟ. ಪ್ರೇಮಕಥೆ ಹಿಡಿಸಲಿಲ್ಲ. ಹಾಗಂತ ನೀನು ತೆಗೆಯಬೇಡ, ಹಿಡಿಸಿದ್ದು ಎಲ್ಲಿ ಅಂತ ತೋರಿಸು.

2008ರ ಸ್ವೀಡನ್ ಸಿನಿಮಾ ‘ಲೆಟ್ ದ ರೈಟ್ ಒನ್ ಇನ್’ ನಿನ್ನ ಪಟ್ಟಿಯಲ್ಲೇ ಇಲ್ಲ! ಕರೆಯದೆ ಮನೆಯೊಳಗೆ ಬಂದರೆ ರಕ್ತಪಿಶಾಚಿಗೆ ಏನಾಗುತ್ತದೆ? ಎಲ್ಲರೂ ಹೇಳುವ ಆ ಕಟ್ಟಳೆಯನ್ನು ಅಲ್ಲಿ ಕಣ್ಣಾರೆ ನೋಡಬಹುದು. ಹುಡುಗ ಬಾ ಅನ್ನುವುದಿಲ್ಲ. ರಕ್ತಪಿಶಾಚಿಯಾದ ಎಲಿ ಒಳಗೆ ಬಂದು ಸುಮ್ಮನೆ ನಿಲ್ಲುತ್ತಾಳೆ. ಕಣ್ಣಿಂದ, ಕಿವಿಯಿಂದ ರಕ್ತ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ‘ನೊಸ್ಫೆರಾಟು’ ಬಿಟ್ಟರೆ ಇದೇ. ನೋಡು. ಅಲ್ಲ ಅನ್ನಿಸಿದರೆ ಅದನ್ನೇ ಬರೆದು ಕಳಿಸು, ಯಾವ ಶಾಟ್‌ನಲ್ಲಿ ಅಲ್ಲ ಅನ್ನಿಸಿತು ಅನ್ನುವುದರ ಸಮೇತ.

ನಿನ್ನ,
ಶಿರಸಿಯ ಅಕ್ಕ