ಹೊಸ ಚೀಟಿ ಅಂಟಿಸಿದ ಹಳೆಯ ಪ್ರಥಮ ಚಿಕಿತ್ಸಾ ಪೆಟ್ಟಿಗೆಗಳ ಬಗ್ಗೆ ದೂರು

ಇವರಿಂದ,
ಸುರಕ್ಷತಾ ವಿಭಾಗದ ಉಸ್ತುವಾರಿ,
ಲೋಹದ ಬಿಡಿಭಾಗಗಳ ಕಾರ್ಖಾನೆ,
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ಇವರಿಗೆ,
ವ್ಯವಸ್ಥಾಪಕರು,
ಪ್ರಥಮ ಚಿಕಿತ್ಸಾ ಸಾಮಗ್ರಿ ಸರಬರಾಜು ಸಂಸ್ಥೆ, ಬೆಂಗಳೂರು

ವಿಷಯ: ತಾವು ಸರಬರಾಜು ಮಾಡಿದ ಆರು ಪ್ರಥಮ ಚಿಕಿತ್ಸಾ ಪೆಟ್ಟಿಗೆಗಳಲ್ಲಿನ ಲೋಪಗಳು ಹಾಗೂ ಅವುಗಳ ಬದಲಾವಣೆ ಕುರಿತು.

ಮಾನ್ಯರೇ,

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದೇಶದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಮೇಲೆ, ನಮ್ಮ ಕಾರ್ಖಾನೆಯಲ್ಲಿ ವರ್ಷಗಳಿಂದ ಗೋಡೆಗೆ ತೂಗುಹಾಕಿದ್ದ ಪೆಟ್ಟಿಗೆಗಳನ್ನು ಬದಲಿಸಲು ನಿರ್ಧರಿಸಿ, 'ಹೊಸ ಸಂಹಿತೆಯಂತೆ ಸಂಪೂರ್ಣ ನವೀಕೃತ' ಎಂದು ತಾವು ದರಪಟ್ಟಿಯಲ್ಲಿ ಬರೆದುಕೊಟ್ಟಿದ್ದ ಮಾತನ್ನು ನಂಬಿ ಆರು ಪೆಟ್ಟಿಗೆಗಳಿಗೆ ಆದೇಶ ನೀಡಿದ್ದೆವು. ಈ ಸಂಹಿತೆಗೆ ಮೊದಲು ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಅಧಿನಿಯಮದ 45ನೇ ಕಲಮಿನ ಲೆಕ್ಕದಂತೆ 150 ಕಾರ್ಮಿಕರಿಗೆ ಒಂದು ಪೆಟ್ಟಿಗೆಯಾದರೆ ಸಾಕಿತ್ತು. ನಮ್ಮಲ್ಲಿರುವ 280 ಜನರಿಗೆ ಎರಡೇ ಸಾಕಾಗುತ್ತಿದ್ದವು. ಆದರೂ ಪ್ರೆಸ್, ವೆಲ್ಡಿಂಗ್, ಪ್ಲೇಟಿಂಗ್ ವಿಭಾಗಗಳು ಒಂದರಿಂದೊಂದು ದೂರವಿರುವುದರಿಂದ, ಗಾಯಗೊಂಡವರು ಪೆಟ್ಟಿಗೆ ಹುಡುಕಿಕೊಂಡು ಓಡಬಾರದೆಂದು ಆರನ್ನು ತರಿಸಿದ್ದೆವು.

ಕಳೆದ ವಾರ ಪ್ಲೇಟಿಂಗ್ ವಿಭಾಗದಲ್ಲಿ ಒಬ್ಬ ಕಾರ್ಮಿಕರ ಕಣ್ಣಿಗೆ ಆಮ್ಲದ ಹನಿ ಸಿಡಿಯಿತು. ಪಕ್ಕದಲ್ಲಿದ್ದವರು ತಾವು ಸರಬರಾಜು ಮಾಡಿದ್ದ ಪೆಟ್ಟಿಗೆ ತೆರೆದರೆ, ಕಣ್ಣು ತೊಳೆಯುವ ಬಾಟಲಿಗೆಂದು ಕೊರೆದಿದ್ದ ಗುಂಡಿಯಲ್ಲಿ ಹತ್ತಿಯ ಉಂಡೆ ತುರುಕಿತ್ತು. ಪುಣ್ಯಕ್ಕೆ ನಲ್ಲಿ ಹತ್ತಿರದಲ್ಲೇ ಇತ್ತು. ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ಹರಿಯುವ ನೀರಿನಲ್ಲಿ ಕಣ್ಣು ತೊಳೆಸಿ ಆಸ್ಪತ್ರೆಗೆ ಕರೆದೊಯ್ದೆವು. ಅವರ ದೃಷ್ಟಿಗೆ ತೊಂದರೆಯಾಗಿಲ್ಲ. ಪೆಟ್ಟಿಗೆಗಳು ಬಂದ ದಿನ ಸೀಲು ನೋಡಿ ಒಳಗಿನದನ್ನು ಎಣಿಸದೆ ಗೋಡೆಗೆ ಹಾಕಿಸಿದ್ದು ನನ್ನ ತಪ್ಪು, ಅದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಮರುದಿನ ಆರೂ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಸುರಿದು ನೋಡಿದೆವು. ಪ್ರತಿಯೊಂದರಲ್ಲೂ ಹಾವು ಕಚ್ಚಿದ ಜಾಗವನ್ನು ಕೊಯ್ಯುವ ಚಿಕ್ಕ ಅಲಗು, ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳುಗಳ ಶೀಷೆ ಮತ್ತು ಪಾದರಸದ ಅಂಶವುಳ್ಳ ಮರ್ಕ್ಯುರೋಕ್ರೋಮ್ ದ್ರಾವಣ ಸಿಕ್ಕವು. ಇವು ದಶಕಗಳ ಹಿಂದಿನ ನಿಯಮಾವಳಿಯ ಪಟ್ಟಿಗಳಲ್ಲಿದ್ದವು ಎಂಬುದು ನನಗೂ ಗೊತ್ತು. ಆದರೆ ಹಾವು ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಆ ಅಂಗವನ್ನು ಅಲುಗಾಡಿಸದೆ ಆದಷ್ಟು ಬೇಗ ಆಸ್ಪತ್ರೆಗೆ ಸೇರಿಸಬೇಕು ಎಂದು ವೈದ್ಯರು ಎಂದಿನಿಂದಲೋ ಹೇಳುತ್ತಿರುವಾಗ, ಆ ಅಲಗನ್ನು 'ನವೀಕೃತ' ಎಂಬ ಹೆಸರಿನಲ್ಲಿ ಮಾರುವುದು ಯಾವ ನ್ಯಾಯ? ಹೋಗಲಿ, ಹಳೆಯ ಪಟ್ಟಿಯನ್ನಾದರೂ ಪೂರ್ತಿ ಪಾಲಿಸಿದ್ದರೆ ನಮ್ಮ ಕಾರ್ಮಿಕರ ಕಣ್ಣಿಗೆ ಬೇಕಾದದ್ದು ಆ ದಿನ ಕೈಗೆ ಸಿಗುತ್ತಿತ್ತು: ಕಣ್ಣು ತೊಳೆಯುವ ಬಾಟಲಿ, ಕಣ್ಣಿಗೆ ಇಡುವ ಶುದ್ಧೀಕರಿಸಿದ ಪ್ಯಾಡುಗಳು, ಸುಟ್ಟ ಗಾಯದ ದೊಡ್ಡ ಡ್ರೆಸ್ಸಿಂಗ್‌ಗಳು ಎಲ್ಲವೂ ಆ ಪಟ್ಟಿಯಲ್ಲಿಯೇ ಇವೆ. ಬೇಡದ್ದನ್ನು ಉಳಿಸಿ ಬೇಕಾದದ್ದನ್ನು ತೆಗೆದಿದ್ದೀರಿ. ಕೈಗವಸು ಮತ್ತು ತ್ರಿಕೋನ ಬ್ಯಾಂಡೇಜ್ ಬಟ್ಟೆ ಒಂದರಲ್ಲೂ ಇಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ನಾಲ್ಕು ಪೆಟ್ಟಿಗೆಗಳಲ್ಲಿನ ಡ್ರೆಸ್ಸಿಂಗ್ ಪೊಟ್ಟಣಗಳ ಮೇಲೆ ಅವಧಿಯ ದಿನಾಂಕದ ಚೀಟಿ ಎರಡು ಪದರವಾಗಿದೆ. ಮೇಲಿನದನ್ನು ಉಗುರಿನಿಂದ ಎಬ್ಬಿಸಿದರೆ ಕೆಳಗೆ ಆಗಲೇ ಮುಗಿದುಹೋದ ದಿನಾಂಕ ಕಾಣುತ್ತದೆ. ಇದರ ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ. ಈ ಬಗ್ಗೆ ಫೋನಿನಲ್ಲಿ ಕೇಳಿದಾಗ ತಮ್ಮ ಮಾರಾಟ ಪ್ರತಿನಿಧಿಯು, "ತಪಾಸಣೆಗೆ ಬಂದವರು ಗೋಡೆಯ ಮೇಲೆ ಪೆಟ್ಟಿಗೆ ಇದೆಯೋ ಇಲ್ಲವೋ ನೋಡ್ತಾರೆ, ಅಷ್ಟೇ ಸಾರ್" ಎಂದರು. ಆ ಪೆಟ್ಟಿಗೆ ತಪಾಸಣೆಗೆ ಬಂದವರಿಗಾಗಿ ಇರುವುದಲ್ಲ ಎಂದು ಅವರಿಗೆ ಆಗಲೇ ಹೇಳಿದ್ದೇನೆ.

ಕಾನೂನಿನ ಕಣ್ಣಿನಲ್ಲಿ ಪೆಟ್ಟಿಗೆ ಸರಿಯಾಗಿರುವಂತೆ ನೋಡಿಕೊಳ್ಳಬೇಕಾದವರು ಕಾರ್ಖಾನೆಯವರು, ಮಾರಿದವರಲ್ಲ. ಆದ್ದರಿಂದ ತಮ್ಮ ಲೋಪವನ್ನು ತೋರಿಸಿ ನಾವು ಹೊಣೆಯಿಂದ ಜಾರಿಕೊಳ್ಳಲಾಗದು, ಸುಮ್ಮನಿರಲೂ ಆಗದು. ಪತ್ರ ತಲುಪಿದ ಹದಿನೈದು ದಿನಗಳೊಳಗೆ ತಾವು ಆರೂ ಪೆಟ್ಟಿಗೆಗಳನ್ನು ಸ್ವಂತ ಖರ್ಚಿನಲ್ಲಿ ಹಿಂಪಡೆದು, ನಾವು ಈ ಪತ್ರದ ಜೊತೆಗಿಟ್ಟಿರುವ ಪಟ್ಟಿಯಂತೆ ತುಂಬಿದ ಬೇರೆ ಪೆಟ್ಟಿಗೆಗಳನ್ನು, ಪ್ರತಿ ವಸ್ತುವಿನ ಬ್ಯಾಚ್ ಸಂಖ್ಯೆ ಹಾಗೂ ಅವಧಿಯ ದಿನಾಂಕವನ್ನು ನಮೂದಿಸಿದ ಹಾಳೆಯ ಸಮೇತ ಕಳುಹಿಸಬೇಕು. ಬರುವ ಪೆಟ್ಟಿಗೆಗಳನ್ನು ನಮ್ಮಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಪ್ರಮಾಣಪತ್ರ ಪಡೆದಿರುವವರ ಎದುರಿಗೆ ತೆರೆದು ಎಣಿಸಿದ ಮೇಲಷ್ಟೇ ಸ್ವೀಕರಿಸುತ್ತೇವೆ. 'ನವೀಕೃತ' ಎಂದರೆ ಏನನ್ನು, ಯಾವ ನಿಯಮದ ಆಧಾರದ ಮೇಲೆ ಬದಲಿಸಿದ್ದೀರಿ ಎಂಬುದನ್ನೂ ಲಿಖಿತವಾಗಿ ತಿಳಿಸಬೇಕು. ಅಲ್ಲಿಯವರೆಗೆ ಬಾಕಿ ಹಣವನ್ನು ತಡೆಹಿಡಿದಿದ್ದೇವೆ.

ಅವಧಿಯ ಚೀಟಿಯ ಮೇಲೆ ಚೀಟಿ ಅಂಟಿಸಿದ ವಿಚಾರಕ್ಕೆ ತೃಪ್ತಿಕರ ವಿವರಣೆ ಬಾರದಿದ್ದರೆ, ಪೊಟ್ಟಣಗಳ ಸಮೇತ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೂ, ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೂ ದೂರು ಸಲ್ಲಿಸುವುದು ನಮಗೆ ಅನಿವಾರ್ಯವಾಗುತ್ತದೆ.

ತಮಗಾಗಿ ಕಾಯುತ್ತಾ ಕೂರಲಾಗದ ಕಾರಣ ಪ್ಲೇಟಿಂಗ್ ವಿಭಾಗದ ಪೆಟ್ಟಿಗೆಯನ್ನು ಮಾತ್ರ ಸ್ಥಳೀಯ ಔಷಧ ಅಂಗಡಿಯಿಂದ ಸಾಮಗ್ರಿ ಕೊಂಡು ತುಂಬಿಸಿದ್ದೇವೆ. ಅದರ ಬಿಲ್ಲನ್ನು ಲಗತ್ತಿಸಿದೆ; ಆ ಮೊತ್ತವನ್ನು ತಮ್ಮ ಲೆಕ್ಕದಲ್ಲಿ ಕಳೆಯಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ಸುರಕ್ಷತಾ ವಿಭಾಗದ ಉಸ್ತುವಾರಿ

ಲಗತ್ತುಗಳು: ಛಾಯಾಚಿತ್ರಗಳು, ಬೇಕಾದ ಸಾಮಗ್ರಿಗಳ ಪಟ್ಟಿ, ಔಷಧ ಅಂಗಡಿಯ ಬಿಲ್ಲು