ರೇಗಿದ್ದೂ ಇಂಗ್ಲಿಷಿನಲ್ಲೇ!

ಮಾನ್ಯರೇ,

ಇಸ್ರೇಲಿಗೆ ವಲಸೆ ಹೋದವರೆಂದರೆ ಯುರೋಪಿನ ನಿರಾಶ್ರಿತರೇ ನೆನಪಾಗುತ್ತಾರೆ. ಅಮೆರಿಕ, ಬ್ರಿಟನ್, ದಕ್ಷಿಣ ಆಫ್ರಿಕಾಗಳಿಂದ ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ಯಹೂದಿಗಳೂ ಹೋದರು. ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆದ ಗೋಲ್ಡಾ ಮೆಯಿರ್ 1921ರಲ್ಲಿ, ಇನ್ನೂ ಪ್ಯಾಲೆಸ್ಟೈನ್ ಆಗಿದ್ದ ಅಲ್ಲಿಗೆ ಹೋಗಿ ಕಿಬ್ಬುಟ್ಸ್ ಎಂಬ ಸಾಮೂಹಿಕ ಕೃಷಿ ನೆಲೆಯಲ್ಲಿ ಕೋಳಿ ಸಾಕಿದರು, 1969ರಲ್ಲಿ ಪ್ರಧಾನಿಯಾದರು.

ಇಸ್ರೇಲಿನ ರಾನಾನಾ ಪಟ್ಟಣದಲ್ಲಿ ನಾನು ಜೋಹಾನ್ಸ್‌ಬರ್ಗ್‌ನಿಂದ ಬಂದು ನೆಲೆಸಿದ್ದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದೆ. ಉಲ್ಪಾನ್ ಎಂಬ ತರಗತಿಗೆ ಹೋಗಿ ಹೀಬ್ರೂ ಕಲಿತವರು. ಆದರೂ ಅವರ ಉಚ್ಚಾರ ಕೇಳಿದೊಡನೆ ತರಕಾರಿಯವನು ಇಂಗ್ಲಿಷಿಗೆ ಹೊರಳುತ್ತಿದ್ದ. ‘ನನಗೆ ಹೀಬ್ರೂ ಬರುತ್ತದಯ್ಯಾ’ ಎಂದು ಅಜ್ಜಿ ರೇಗುತ್ತಿದ್ದರು, ಅದೂ ಇಂಗ್ಲಿಷಿನಲ್ಲಿ!

ಯಹೂದಿಗಳಿಗೆ ಇಸ್ರೇಲಿಗೆ ಬಂದು ನೆಲೆಸುವ ಹಕ್ಕು ಕೊಟ್ಟ 1950ರ ಕಾಯ್ದೆಯ ಬಲದಿಂದ ಅವರಿಗೆ ಕೇಳಿದೊಡನೆ ಪೌರತ್ವ. ಐದೇ ವರ್ಷದಲ್ಲಿ ಅವರಿಗಿಂತ ಸಲೀಸಾಗಿ ಹೀಬ್ರೂ ಮಾತನಾಡುತ್ತಿದ್ದ ನನಗೆ ಮಾತ್ರ, ವೀಸಾ ಮುಗಿದೊಡನೆ ಊರಿನ ದಾರಿ.

– ಓರ್ವ ಓದುಗಿ, ಮಂಗಳೂರು