ವೈವಾ ಮುಗಿಯಿತು, ನೆಟ್‌ಹೌಸಿನ ಅಕ್ಕನಿಗೆ ಥ್ಯಾಂಕ್ಸ್

ಮೊನ್ನೆ ನನ್ನ ಪಿಎಚ್‌ಡಿಯ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಎಲೆಯ ನರ ಹಳದಿಯಾಗುವ ಹಳದಿ ನಂಜು ರೋಗಕ್ಕೆ ಜಗ್ಗದ ಬೆಂಡೆಗಾಗಿ ಊರಬೆಂಡೆಗೆ ಕಾಡುಬೆಂಡೆ ಕೂಡಿಸುವುದು ನನ್ನ ಕೆಲಸವಾಗಿತ್ತು. ಹೆಸರಿನ ಮುಂದೆ ಡಾಕ್ಟರ್ ಸೇರಿಸಿ ಮೆಸೇಜ್ ಕಳಿಸಿದವರಿಗೆಲ್ಲ ನಮಸ್ಕಾರ. ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ಕಾಡುಬೆಂಡೆಯ ಬೀಜ ಕೊಟ್ಟ ಜೀನ್ ಬ್ಯಾಂಕಿನವರು, ಹಾಸ್ಟೆಲ್ ಮೆಸ್ಸಿನ ಅಣ್ಣ, ಅಪ್ಪ, ಅಮ್ಮ ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಹೆಸರೆಲ್ಲ ಥೀಸಿಸ್ಸಿನ ಮೊದಲಲ್ಲೇ ಅಚ್ಚಾಗಿದೆ, ಇಲ್ಲಿ ಇಷ್ಟಕ್ಕೇ ಬಿಟ್ಟರೆ ಬೇಜಾರು ಮಾಡ್ಕೋಬೇಡಿ. ಈ ಬರಹ ನಮ್ಮ ನೆಟ್‌ಹೌಸಿನಲ್ಲಿ (ಹುಳ ಬಾರದಂತೆ ಬಲೆ ಕಟ್ಟಿದ ಗಿಡಮನೆ) ದಿನಗೂಲಿಗೆ ದುಡಿದ ಅಕ್ಕನಿಗೆ.

ಅಕ್ಕನ ತವರು ರಾಣೆಬೆನ್ನೂರಿನ ಕಡೆ. ಹೈಬ್ರಿಡ್ ತರಕಾರಿ ಬೀಜ ಮಾಡುವುದು ಅಲ್ಲಿ ದೊಡ್ಡ ಕಸುಬು. ಮದುವೆಗೆ ಮುಂಚೆಯೇ ಅವರು ಕ್ರಾಸಿಂಗ್, ಅಂದರೆ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸುವುದನ್ನು, ಕಲಿತಿದ್ದರು. ಬೆಂಡೆ ಹೂ ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಹಿಂದಿನ ಸಂಜೆಯೇ ಮೊಗ್ಗು ಬಿಡಿಸಿ, ಗಂಡು ಭಾಗ ತೆಗೆದು, ಚೀಲ ಹಾಕಬೇಕು. ನಾನು ಚಿಮಟ ಹಿಡಿದು ಒದ್ದಾಡುವಷ್ಟರಲ್ಲಿ ಅಕ್ಕ ಹೆಬ್ಬೆರಳಿನ ಉಗುರಲ್ಲೇ ಒಂದು ಸಾಲು ಮುಗಿಸಿರುತ್ತಿದ್ದರು. ಅವರು ಕ್ರಾಸ್ ಮಾಡಿದ ಹೂ ಕಾಯಿ ಕಚ್ಚುತ್ತಿತ್ತು. ನನ್ನದು ಉದುರುತ್ತಿತ್ತು.

ಊರಬೆಂಡೆಗೂ ಕಾಡುಬೆಂಡೆಗೂ ಹುಟ್ಟಿದ ಗಿಡದ ಕಾಯಿ ಒಡೆದರೆ ಒಳಗೆ ಬರೀ ಜೊಳ್ಳು. ಅದನ್ನು ದಾಟಿ ಬಂದದ್ದೇ ಒಂದು ಕಥೆ. ಕೊನೆಗೆ ಕೈಗೆ ಸಿಕ್ಕಿದ್ದು ಬೆರಳೆಣಿಕೆಯ ಸಸಿ. ಆ ಏಪ್ರಿಲ್‌ನಲ್ಲೇ ಆಲಿಕಲ್ಲು ಮಳೆ ಬರಬೇಕೇ?

ನೆಟ್ ಹರಿಯಿತು, ಕರೆಂಟ್ ಹೋಯಿತು. ನಾನು ಕೆಸರಲ್ಲೇ ಕೂತು ಅತ್ತೆ. ಅಕ್ಕ ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು ಬಂದವರು ಹೇಳಿದ್ದು ಇಷ್ಟೇ: "ಅಳೂದು ಆಮೇಲೆ ಇರ್ಲಿ ಬಿಡವಾ, ಮೊದಲ ಕುಂಡ ಒಳಗ ಇಡೂಣು." ಮೊಬೈಲ್ ಬೆಳಕಲ್ಲಿ ಒಂದೊಂದೇ ಕುಂಡ ಗೋಡೌನಿಗೆ ಹೊತ್ತೆವು. ಮುರಿದ ಕಾಂಡಕ್ಕೆ ಪೊರಕೆ ಕಡ್ಡಿ ಇಟ್ಟು ದಾರ ಸುತ್ತಿದರು. ಬೆಳಗಿನ ತನಕ ಅಲ್ಲೇ ಇದ್ದರು. ಬೆಳಗ್ಗೆ ಮನೆಗೆ ಹೋಗಿ ಸೊಳ್ಳೆ ಪರದೆ ತಂದು ಸಸಿಗಳಿಗೆ ಮುಚ್ಚಿದರು. ಹಳದಿ ನಂಜು ಹರಡುವ ಬಿಳಿನೊಣ ತಡೆಯಲು ಅದರ ಕಣ್ಣು ದೊಡ್ಡದಾಯಿತು. ನಾನು ಹೇಳಲಿಲ್ಲ. ಆ ಪರದೆ ತೆಗೆಯಲು ಮನಸ್ಸಾದರೂ ಹೇಗೆ ಬರಬೇಕು?

ಪ್ರಾಜೆಕ್ಟ್ ಮುಗಿಯಿತು, ಅಕ್ಕನ ದಿನಗೂಲಿಯೂ ನಿಂತಿತು. ನನಗೆ ಡಿಗ್ರಿ ಬಂತು, ಅವರಿಗೆ ಕೆಲಸ ಹೋಯಿತು. ಅವರ ಉಗುರಿಲ್ಲದೆ ನನ್ನ ಥೀಸಿಸ್ಸಿನಲ್ಲಿ ಒಂದು ಟೇಬಲ್ಲೂ ಇರುತ್ತಿರಲಿಲ್ಲ. ನೆನೆದರೆ ನಾಚಿಕೆ, ಸಿಟ್ಟು ಎರಡೂ ಬರುತ್ತದೆ.

ಈಗ ಬದನೆ ಕ್ರಾಸಿಂಗಿಗೆ ಅವರೇ ಬೇಕು ಅಂತ ಮೇಡಂ ಹಟ ಹಿಡಿದು ಕರೆಸಿಕೊಂಡಿದ್ದಾರೆ. ಮೇಡಂ, ಇದಕ್ಕೆ ಬೇರೆಯೇ ಥ್ಯಾಂಕ್ಸ್. ಅಕ್ಕಾ, ನಿಮ್ಮ ಮಗಳು ಇದನ್ನು ಓದಿ ಹೇಳುತ್ತಾಳೆ ಅಂತ ಗೊತ್ತು. ಭಾನುವಾರ ಊಟಕ್ಕೆ ಬರ್ತೀನಿ, ರೊಟ್ಟಿ ನೀವೇ ಬಡಿಯಬೇಕು.

ಇನ್ನು ಬೀಜ ಕೇಳಿದ ದೊಡ್ಡಪ್ಪನಿಗೆ ಒಂದು ಮಾತು. ನಮ್ಮದು ಇನ್ನೂ ತಳಿ ಆಗಿಲ್ಲ, ಬೇರೆ ಬೇರೆ ಊರಿನ ಹೊಲಗಳಲ್ಲಿ ಪರೀಕ್ಷೆ ಆಗಬೇಕು. ಪರ್ಭಣಿ ಕ್ರಾಂತಿ, ಹೆಸರಘಟ್ಟದ ಅರ್ಕಾ ಅನಾಮಿಕ ಎಂಬ ಬೆಂಡೆ ತಳಿಗಳು ಕೂಡ ಕಾಡುಬೆಂಡೆ ಕೂಡಿಸಿಯೇ ಬಂದವು. ಆದರೆ ಹಳದಿ ನಂಜು ಸುಮ್ನೆ ಕೂರುವ ರೋಗ ಅಲ್ಲ. ಒಂದು ಕಾಲಕ್ಕೆ ಅದಕ್ಕೆ ಜಗ್ಗದಿದ್ದ ಪೂಸಾ ಸಾವನಿ ತಳಿಗೆ ಈಗ ರೋಗ ಬೇಗ ತಗಲುತ್ತದೆ, ಹೊಸ ಗಿಡಗಳನ್ನು ಪರೀಕ್ಷಿಸಲು ರೋಗ ಹರಡಲಿ ಅಂತಲೇ ಅದನ್ನು ಪ್ರಯೋಗದ ತಾಕಿನ ಸುತ್ತ ಬಿತ್ತುತ್ತೇವೆ. ಹಾಗಾಗಿ ಇನ್ನೊಂದಷ್ಟು ವರ್ಷ ಕಾಯಿರಿ ದೊಡ್ಡಪ್ಪ, ಬೀಜ ಬಂದಾಗ ಮೊದಲ ಪೊಟ್ಟಣ ಅಕ್ಕನಿಗೆ, ಎರಡನೆಯದು ನಿಮಗೆ.